ಪಕ್ಕದ ಮಾತು

"ಬಾ ಬಾ, ನಿನಗೆ ಅಂತಲೇ ಕಿಟಕಿ ಪಕ್ಕದ ಮೆಷಿನ್ ಇಟ್ಟಿದೀನಿ," ಎಂದು ಟೈಪಿಂಗ್ ಮಿಸ್ ಕೈಬೀಸಿ ಕರೆದರು. ಸಾಲಿನ ಮುಂದಿದ್ದ ಹುಡುಗಿ ತಲೆಯಾಡಿಸಿದಳು. ಒಪ್ಪಿದಳು ಎಂದುಕೊಂಡು ಮಿಸ್ ಪೆನ್ನಿನ ಮುಚ್ಚಳ ತೆಗೆದರು. ಹುಡುಗಿ ಇನ್ನೊಮ್ಮೆ, ಈ ಸಲ ಸ್ಪಷ್ಟವಾಗಿ ಅಡ್ಡಡ್ಡ ತಲೆಯಾಡಿಸಿ, ಸಾಲು ಬಿಟ್ಟು ಕಾರಿಡಾರಿನ ಕೊನೆಯ ಕಡೆಗೆ ನಡೆದಳು. ಹಿಂದೆ ನಿಂತಿದ್ದವರಲ್ಲಿ ಯಾರೋ "ಏ ಕಂತು, ಆ ಕಡೆ ಎಲ್ಲಿಗೆ?" ಎಂದರು.

ಒಂಬತ್ತನೇ ತರಗತಿ ಮುಗಿಸಿದವರು ಹತ್ತಕ್ಕೆ ಐಚ್ಛಿಕ ವಿಷಯ ಆರಿಸಿಕೊಳ್ಳುವ ದಿನ ಅದು. ಶಾಲೆ ಹಳೆಯದು. ಕಲ್ಲಿನ ಕಂಬಗಳು, ನಡುವೆ ಸವೆದು ತಗ್ಗಾದ ಮೆಟ್ಟಿಲುಗಳು, ಸದ್ದು ಮಾಡದೆ ತೆರೆಯದ ಬಾಗಿಲುಗಳು. ಪಾಠಕ್ರಮವೂ ಕಟ್ಟಡದಷ್ಟೇ ಹಳೆಯದು. ಎರಡು ಭಾಷೆ, ಗಣಿತ, ವಿಜ್ಞಾನ, ಚರಿತ್ರೆ ಮತ್ತು ಭೂಗೋಳ ಎಲ್ಲರಿಗೂ ಕಡ್ಡಾಯ. ಅದರಾಚೆಯ ಒಂದು ಮಾತ್ರ ಅವರವರ ಇಷ್ಟ. ಆ ಒಂದು ದಿನ ಮೇಷ್ಟ್ರುಗಳೆಲ್ಲ ಕಾರಿಡಾರಿನುದ್ದಕ್ಕೂ ಮೇಜು ಹಾಕಿಕೊಂಡು ಅಂಗಡಿ ತೆರೆದವರ ಹಾಗೆ ಕೂರುತ್ತಿದ್ದರು. ಮರಗೆಲಸದವರ ಮುಂದೆ ತರಗತಿಯಲ್ಲಿ ಸುಮ್ಮನೆ ಕೂರಲಾರದ ಹುಡುಗರು. ಹೊಲಿಗೆಯ ಮುಂದೆ ಹರಟೆಗೆ ಜೊತೆ ಬೇಕಾದವರು. ಲೆಕ್ಕಪತ್ರದ ಮುಂದೆ ಅಂಗಡಿಯವರ ಮಕ್ಕಳು. ಚಿತ್ರಕಲೆ, ಸಂಗೀತಗಳಿಗೆ ಮನೆಯಲ್ಲಿ ಬೈಸಿಕೊಂಡು ಬಂದವರು ಐದಾರು ಜನ. ಟೈಪಿಂಗಿಗೆ ಬಾಯಿ ಬಿಡದವರು. ಕೊನೆಯ ಮೇಜು ಭಾಷಣದ್ದು. ಅಲ್ಲಿಗೆ ವಕೀಲರ ಮಕ್ಕಳು, ಮೊದಲ ಬೆಂಚಿನವರು, ಅರಳು ಹುರಿದ ಹಾಗೆ ಮಾತಾಡುವವರು ಹೋಗುತ್ತಿದ್ದರು. ಮೇಜಿನ ಹಿಂದೆ ಗಾಜಿನ ಕಪಾಟಿನಲ್ಲಿ ಆ ಮೇಷ್ಟ್ರ ಶಿಷ್ಯರು ಅಂತರಶಾಲಾ ಸ್ಪರ್ಧೆಗಳಲ್ಲಿ ಗೆದ್ದು ತಂದ ಕಪ್ಪುಗಳಿದ್ದವು.

ಹುಡುಗಿಗೆ ಮಾತು ತೊದಲುತ್ತಿತ್ತು. ಪೂರ್ತಿ ಅಲ್ಲ. ಮ, ನ, ಸ, ಹ ಎಲ್ಲ ಸಲೀಸಾಗಿ ಬರುತ್ತಿದ್ದವು. ಪದದ ಮೊದಲಿಗೆ ಪ, ಬ, ಭ, ಕ ಬಂದರೆ ಮಾತ್ರ ಗಂಟಲಿನಲ್ಲಿ ಬಾಗಿಲು ಹಾಕಿದಂತಾಗಿ ಉಸಿರೇ ಹೊರಡುತ್ತಿರಲಿಲ್ಲ. ಮಾತು ಕಂತುಕಂತಾಗಿ ಬರುತ್ತದೆಂದು ಐದನೇ ತರಗತಿಯಲ್ಲಿ ಯಾರೋ ಕಂತು ಎಂದು ಕರೆದರು. ಈಗ ಶಾಲೆಯಲ್ಲಿ ಬೈಯುವವರಿಗೂ ಮುದ್ದಿಸುವವರಿಗೂ ಅವಳು ಕಂತುವೇ.

ಭಾಷಣದ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಟೈಪಿಂಗ್ ಆ ಕಡೆ ಅಲ್ವೇನಮ್ಮಾ?"

"ಇಲ್ಲ ಸರ್. ನನಗೆ..." ಎಂದು ಅವಳು ನಿಂತಳು. ಭಾಷಣ ಎಂಬ ಪದ ತುಟಿಯ ಹಿಂದೆ ಒತ್ತಿಕೊಂಡು ನಿಂತಿತ್ತು. ಕತ್ತಿನ ನರ ಉಬ್ಬಿತು. ಪಕ್ಕದ ಮೇಜಿನವರು ಕತ್ತೆತ್ತಿದರು. ಅವಳು ಎಂದಿನಂತೆ ಆ ಪದ ಬಿಟ್ಟು ಅದರ ಪಕ್ಕದ್ದನ್ನು ಹಿಡಿದಳು. "ನನಗೆ ಮಾತಿನ ತರಗತಿ ಸರ್."

ಮೇಷ್ಟ್ರು ನಗಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಮೂವತ್ತು ವರ್ಷದಿಂದ ನಿರರ್ಗಳವಾಗಿ ಮಾತಾಡಿಕೊಂಡು ಬಂದವರಿಗೆ ಮಾತು ನಿಲ್ಲುವುದನ್ನು ನೋಡುವುದೇ ಕಷ್ಟ. "ನೋಡಮ್ಮಾ, ಇದರ ಪರೀಕ್ಷೆ ಬರೆಯೋದಲ್ಲ. ಹೊರಗಿನವರು ಬಂದು ಎದುರು ಕೂರ್ತಾರೆ. ಹತ್ತು ನಿಮಿಷ ಮಾತಾಡಬೇಕು, ಆಮೇಲೆ ಗಂಟೆ ಹೊಡೆದುಬಿಡ್ತಾರೆ. ಇದೊಂದರಲ್ಲಿ ನಪಾಸಾದರೂ ಇಡೀ ವರ್ಷ ಹೋಗತ್ತೆ. ಉಳಿದದ್ದರಲ್ಲಿ ಅಷ್ಟು ಚೆನ್ನಾಗಿ ಓದ್ತೀಯ. ಯಾಕೆ ಬೇಕು ಇದು?"

ಅವಳು ಅಲುಗಾಡಲಿಲ್ಲ. ಹಿಂದೆ ಇಬ್ಬರು ಮೂವರು ಬಂದು ನಿಂತರು. ಕೊನೆಗೆ ಮೇಷ್ಟ್ರು, "ನಾಳೆ ಮನೆಯವರನ್ನ ಕರಕೊಂಡು ಹೆಡ್ ಮೇಡಂನ ನೋಡು," ಎಂದು ಆ ಮಾತನ್ನು ತಮ್ಮ ತಲೆಯಿಂದ ಇಳಿಸಿಕೊಂಡರು.

ಮನೆಯವರು ಎಂದರೆ ಅಮ್ಮ. ಅಪ್ಪ ಲಾರಿ ಓಡಿಸುತ್ತ ಊರೂರು ಸುತ್ತುವವರು, ಮನೆಗೆ ಅವರೊಬ್ಬ ನೆಂಟರಿದ್ದ ಹಾಗೆ. ಅಮ್ಮ ಸಗಟು ತರಕಾರಿ ಪೇಟೆಯಲ್ಲಿ ಹರಾಜು ಕೂಗುತ್ತಿದ್ದಳು. ಮೂಟೆಯ ಮೇಲೆ ಹತ್ತಿ ನಿಂತು ಅವಳು ಒಂದು ಸಲ ಬಾಯಿ ತೆರೆದರೆ ರಸ್ತೆಯಾಚೆಯ ಗಾಡಿಯವರು ಬ್ರೇಕು ಹಾಕುತ್ತಾರೆಂದು ಪೇಟೆಯವರು ತಮಾಷೆ ಮಾಡುತ್ತಿದ್ದರು. ಹರಾಜಕ್ಕ ಎಂದರೆ ಎಲ್ಲರಿಗೂ ಗೊತ್ತು. ಅಂಥವಳ ಹೊಟ್ಟೆಯಲ್ಲಿ ಇಂಥದೊಂದು ಮಗು ಎಂದು ಅವಳೆದುರೇ ಹೇಳಿದವರೂ ಇದ್ದರು. ಅದಕ್ಕೋ ಏನೋ, ಮಗಳು ಬಾಯಿ ತೆರೆಯುವ ಮೊದಲೇ ಅವಳ ಮಾತನ್ನು ತಾನೇ ಆಡಿ ಮುಗಿಸುವುದು ಅಮ್ಮನಿಗೆ ರೂಢಿಯಾಗಿತ್ತು.

ಆ ಸಂಜೆ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದ ಅಮ್ಮ ವಿಷಯ ಕೇಳಿ ಚಾಕು ನಿಲ್ಲಿಸಲಿಲ್ಲ. "ಟೈಪಿಂಗ್ ತಗೋ. ನಾಲ್ಕು ಜನರ ಮುಂದೆ ನಿಂತು ನಗೆಪಾಟಲಾಗೋದು ಯಾಕೆ? ಬೆರಳಿದೆ, ಬೆರಳಲ್ಲಿ ಬದುಕು. ಯಾರಾದ್ರೂ ಚುಡಾಯಿಸಿದ್ರಾ? ಅದಕ್ಕೆ ಹಟ ಹಿಡಿದಿದೀಯಾ?"

"ಅಲ್ಲಮ್ಮಾ."

"ಮತ್ತೆ? ನಿನ್ನ ಜೊತೆಯವಳು ಸೇರಿದಾಳೆ ಅಂತಲಾ?"

"ಅಲ್ಲ. ಸ್ವಲ್ಪ ಸುಮ್ಮನಿರು. ನಾನು ಹೇಳ್ತೀನಿ." ಕಂತು ನೆಲದ ಮೇಲೆ ಅಮ್ಮನ ಎದುರು ಕೂತಳು. "ಹಲ್ಲಿನ ಡಾಕ್ಟರ್ ಹತ್ರ ಹೋಗಿದ್ದೆನಲ್ಲ, ಆವತ್ತು."

"ಹೂಂ, ಎರಡೂ ಕಡೆ ಹಾಳಾಗಿತ್ತು ಅಂತ ಎರಡು ಸಲ ಹೋಗಿ ಬಂದೆ. ಅದಕ್ಕೂ ಇದಕ್ಕೂ ಏನು?"

"ನೋವಿದ್ದದ್ದು ಒಂದೇ ಹಲ್ಲಿಗೆ. ಅವರು ಆ..." ಕಡೆ ಎಂಬಲ್ಲಿ ಅವಳು ಸಿಕ್ಕಿಕೊಂಡಳು. ಅಮ್ಮ ಬಾಯಿ ತೆರೆದಳು. ಮಗಳು ಕೈಯೆತ್ತಿ ತಡೆದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. "ಆ... ಕ್... ಕಡೆ ತಿರುಗಿ ಕ್... ಕೈ ತೊಳೀತಾ ಅಂದ್ರು, ಯಾವ ಹಲ್ಲು ಅಂತ."

ಅವಳು ಹೇಳಬೇಕಿದ್ದದ್ದು ಬಲಗಡೆ ಎಂದು. ಬ ಹೊರಡಲಿಲ್ಲ. ಅದರ ಪಕ್ಕದ ಪದಕ್ಕಾಗಿ ತಡಕಾಡಿದಳು. ಸಿಕ್ಕಿದ್ದು ಸಂಸ್ಕೃತದ ದಕ್ಷಿಣ ಒಂದೇ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿ ದಕ್ಷಿಣದ ಹಲ್ಲು ಎನ್ನುವುದಾದರೂ ಹೇಗೆ? ಡಾಕ್ಟರರು, "ಹೇಳಮ್ಮಾ, ಹೊರಗೆ ಜನ ಕಾಯ್ತಿದಾರೆ," ಎಂದರು. ಅವಳ ಬಾಯಿಂದ ಎಡಗಡೆ ಎಂದು ಬಂದುಬಿಟ್ಟಿತು. ಎಡಗಡೆಯ ಹಲ್ಲಿನಲ್ಲೂ ಒಂದು ಕರಿ ಚುಕ್ಕೆ ಇತ್ತು, ಅವರಿಗೆ ಅನುಮಾನ ಬರಲಿಲ್ಲ. ಸೂಜಿ ಚುಚ್ಚಿದರು, ಕಿತ್ತರು. ಅವಳು ಬಾಯಿ ತೆರೆದುಕೊಂಡು ಮಲಗಿಯೇ ಇದ್ದಳು. ನೋವಿನ ಹಲ್ಲು ನೋವಿನ ಜಾಗದಲ್ಲೇ ಉಳಿಯಿತು.

ಇದೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಒಲೆಯ ನೀರು ಅರ್ಧ ಇಂಗಿತ್ತು. ಅಮ್ಮ ಚಾಕು ಕೆಳಗಿಟ್ಟು, ಸೆರಗಿಗೆ ಕೈಯೊರೆಸಿಕೊಂಡು, "ಬಾಯಿ ತೆಗಿ," ಎಂದಳು. ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿ ಎರಡೂ ಕಡೆಯ ಸಂದುಗಳನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ಎರಡೂ ಹಾಳಾಗಿತ್ತಾ ಅಂತ ಕೇಳಿದಾಗ ಹೂಂ ಅಂದೆಯಲ್ಲೇ."

"ಹೂಂ ಅನ್ನೋದು ಸುಲಭ ಅಮ್ಮಾ."

ಮರುದಿನ ಪೇಟೆ ಮುಗಿಸಿಕೊಂಡು ಅಮ್ಮ ನೇರ ಶಾಲೆಗೆ ಬಂದಳು. ತಲೆಗೆ ಸುತ್ತಿದ ವಸ್ತ್ರದಲ್ಲಿ ಇನ್ನೂ ಗೆಡ್ಡೆಗಳ ಮಣ್ಣಿತ್ತು. ಹೆಡ್ ಮೇಡಂ ತಾಳ್ಮೆಯಿಂದಲೇ ಎಲ್ಲ ಹೇಳಿದರು. ಶಾಲೆಯ ನಿಯಮ, ಪರೀಕ್ಷೆಯ ರೀತಿ, ಹುಡುಗಿಯ ಹಿತ. ಭಾಷಣದ ಮೇಷ್ಟ್ರು ಕಿಟಕಿಯ ಬಳಿ ನಿಂತು ಹೌದು ಹೌದು ಎಂದರು.

"ನಿನ್ನೆ ನಾನೂ ಇದನ್ನೇ ಅಂದೆ ಮೇಡಂ," ಎಂದಳು ಅಮ್ಮ. ಮೆಲ್ಲಗೆ ಮಾತಾಡಬೇಕೆಂದು ಅವಳು ಎಷ್ಟು ಪ್ರಯತ್ನಪಟ್ಟರೂ ಕಿಟಕಿಯ ಗಾಜು ನಡುಗುತ್ತಿತ್ತು. "ಆದ್ರೆ ನಮ್ಮಲ್ಲಿ ಒಂದು ಸಲ ಕೂಗಿದ್ದನ್ನ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ. ಇವಳು ಕೂಗಿದಾಳೆ. ನಾನು ಏನ್ ಮಾಡಲಿ? ನಿಮ್ಮ ಶಾಲೇಲಿ ಮರಗೆಲಸ ಬರದೇ ಇರೋನಿಗೆ ಮರಗೆಲಸ ಕಲಿಸ್ತೀರಿ. ಹೊಲಿಗೆ ಬರದೇ ಇರೋಳಿಗೆ ಹೊಲಿಗೆ ಕಲಿಸ್ತೀರಿ. ಮಾತು ಮಾತ್ರ ಬರೋರಿಗೇ ಕಲಿಸೋದಾ?"

ಮೇಡಂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕಿಟಕಿಯಿಂದಾಚೆ ನೋಡಿದರು. ಅಲ್ಲಿ ಮೈದಾನದಲ್ಲಿ ಯಾರೂ ಇರಲಿಲ್ಲ. "ನಪಾಸಾದರೆ ನನ್ನನ್ನ ಬೈಯಬಾರದು," ಎಂದರು ಕೊನೆಗೆ.

"ನಿಮ್ಮನ್ನ ಯಾಕೆ ಬೈಯಲಿ? ಇವಳನ್ನೇ ಬೈತೀನಿ," ಎಂದಳು ಅಮ್ಮ.

ಮೊದಲ ತಿಂಗಳು ತರಗತಿಯಲ್ಲಿ ಕಂತುವಿನ ಸರದಿ ಬಂದಾಗಲೆಲ್ಲ ಉಳಿದವರು ಉಗುರು ನೋಡಿಕೊಳ್ಳುತ್ತಿದ್ದರು. ಮೇಷ್ಟ್ರು ಪಾಪ ಎಂದು ಅವಳ ಪದಗಳನ್ನು ತಾವೇ ಮುಗಿಸಿಕೊಡುತ್ತಿದ್ದರು. ಅವಳು "ಈ ಕ್..." ಎಂದು ನಿಂತರೆ "ಕಾರಣ" ಎನ್ನುವರು. ಅವಳು ಹೇಳಬೇಕಿದ್ದದ್ದು ಕೆಲಸ ಎಂದೋ ಕಾಗದ ಎಂದೋ ಇರುತ್ತಿತ್ತು. ಒಂದು ದಿನ ಅವಳು ಮಾತು ನಿಲ್ಲಿಸಿ, "ಸರ್, ನೀವು ಮುಗಿಸಿದ್ರೆ ಅದು ನಿಮ್ಮ ಮಾತಾಗತ್ತೆ," ಎಂದಳು. ಸರಾಗವಾಗಿ ಬಂದ ಆ ಒಂದು ವಾಕ್ಯಕ್ಕೆ ಮೇಷ್ಟ್ರ ಕಿವಿ ಕೆಂಪಾಯಿತು. ಅಂದಿನಿಂದ ಅವರು ಅವಳ ಸರದಿ ಬಂದಾಗ ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು ಕೂರುತ್ತಿದ್ದರು. ಮೊಣಕಾಲು ಮಾತ್ರ ಕುಣಿಯುತ್ತಿತ್ತು. ಅದನ್ನು ಹಿಡಿದಿಟ್ಟುಕೊಳ್ಳಲು ಅವರಿಗೆ ಇನ್ನೊಂದು ತಿಂಗಳು ಬೇಕಾಯಿತು.

ಅವಳ ಗುಟ್ಟು ಹೊರಬಿದ್ದದ್ದು ಬೆಕ್ಕಿನಿಂದ. ಮನೆಯ ಒಂದು ಘಟನೆ ಹೇಳಿ ಎಂದು ಮೇಷ್ಟ್ರು ಎಲ್ಲರಿಗೂ ಸರದಿಯ ಮೇಲೆ ಹೇಳಿದ್ದರು. ಕಂತು ಎದ್ದು ನಿಂತು, ಒಂದು ಉಸಿರೆಳೆದುಕೊಂಡು, "ನಿನ್ನೆ ನಮ್ಮ ಮನೆಗೆ ಒಂದು ಮಾರ್ಜಾಲ ನುಗ್ಗಿ ಹಾಲನ್ನೆಲ್ಲ ಸೇವಿಸಿತು," ಎಂದಳು.

ತರಗತಿ ಬಿದ್ದು ಬಿದ್ದು ನಕ್ಕಿತು. ವಕೀಲರ ಮಗನೊಬ್ಬ "ಸೇವಿಸಿ ಆಶೀರ್ವಾದ ಮಾಡಿ ಹೋಯಿತಾ?" ಎಂದ. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ಕಂತು ಕೂಡ ನಕ್ಕುಬಿಟ್ಟಳು. ನಗು ಇಳಿದ ಮೇಲೆ ಮೇಷ್ಟ್ರು, "ಅಲ್ಲಮ್ಮಾ, ಮನೇಲಿ ಓಡಾಡೋ ಬೆಕ್ಕನ್ನ ಬಿಟ್ಟು ಎಲ್ಲಿಂದ ಹಿಡಕೊಂಡು ಬಂದೆ ಈ ಮಾರ್ಜಾಲನ?" ಎಂದು ಕೇಳಿದರು.

ಅವಳು ಹೇಳಿದಳು. ಪುಸ್ತಕ ಬರುವುದಿಲ್ಲ, ಹೊತ್ತಿಗೆ ಬರುತ್ತದೆ. ಕುದುರೆ ಬರುವುದಿಲ್ಲ, ಅಶ್ವ ಬರುತ್ತದೆ. ಬಾಗಿಲಿಗೆ ದ್ವಾರ. ಪಕ್ಕದ ಮಾತು ಹುಡುಕಿ ಹುಡುಕಿಯೇ ಅವಳಿಗೆ ಇಷ್ಟೆಲ್ಲ ಪದ ಗೊತ್ತಾದದ್ದು. ಭಾಷಾ ಮಿಸ್ ಅವಳ ಉತ್ತರಗಳನ್ನು ಕೇಳಿ ಪಂಡಿತೆ ಎಂದು ಹೊಗಳುತ್ತಿದ್ದರಲ್ಲ, ಅದರ ಬಂಡವಾಳ ಇಷ್ಟೇ. ಕೆಲವು ಮಾತಿಗೆ ಪಕ್ಕದ ಮಾತೇ ಇರುವುದಿಲ್ಲ. ಅಂಗಡಿಯಲ್ಲಿ ಕಾಫಿ ಎನ್ನಲಾಗದೆ ಚಹಾ ಎಂದು, ಇಷ್ಟವಿಲ್ಲದ ಚಹಾ ಕುಡಿದು ಬರುತ್ತಾಳೆ.

ಯಾರೂ ನಗಲಿಲ್ಲ. ಮೇಷ್ಟ್ರು ಎದ್ದು ಬೋರ್ಡಿನ ಕಡೆ ಹೋಗಿ, ಏನೂ ಬರೆಯದೆ ವಾಪಸು ಬಂದರು. "ಈ ತರಗತೀಲಿ ಇನ್ನು ಮೇಲೆ ಬೆಕ್ಕು ಬೆಕ್ಕೇ. ಅದು ಬರೋ ತನಕ ನಾವು ಕಾಯ್ತೀವಿ. ಹೇಳು."

ಅವಳು ಶುರುಮಾಡಿದಳು. ಬೆಕ್ಕು ಬರಲು ಬಹಳ ಹೊತ್ತು ಹಿಡಿಯಿತು. ಬಂದಾಗ ಹಿಂದಿನ ಬೆಂಚಿನಿಂದ ಯಾರೋ "ಮಿಯಾಂವ್" ಎಂದರು, ಅದು ಅಪಹಾಸ್ಯ ಆಗಿರಲಿಲ್ಲ.

ಅಷ್ಟಾಯಿತೆಂದು ಮಾತು ನೆಟ್ಟಗಾಗಲಿಲ್ಲ. ಕೆಲವು ದಿನ ಹಿಂದಿಗಿಂತ ಹೆಚ್ಚೇ ತೊದಲಿತು. ಮೊದಲು ತಪ್ಪಿಸಿಕೊಂಡು ಓಡಾಡುತ್ತಿದ್ದವಳು ಈಗ ಒಂದೊಂದು ಪದಕ್ಕೂ ಎದುರು ನಿಲ್ಲುತ್ತಿದ್ದಳಲ್ಲ. ವರ್ಷ ಮುಗಿಯುತ್ತ ಬಂದಂತೆ ಮೇಷ್ಟ್ರ ಆತಂಕ ಹೆಚ್ಚಿತು. ಗಡಿಯಾರ ಹಿಡಿದು ನೋಡಿದರೆ ಹತ್ತು ನಿಮಿಷದಲ್ಲಿ ಅವಳು ಹೇಳುತ್ತಿದ್ದದ್ದು ಬೇರೆಯವರ ಅರ್ಧದಷ್ಟು. ಒಂದು ಸೋಮವಾರ ಅವರು ಅವಳನ್ನು ಸ್ಟಾಫ್ ರೂಮಿಗೆ ಕರೆದು ನಾಲ್ಕು ಹಾಳೆ ಕೈಗಿಟ್ಟರು.

"ಮರಗಳ ಮೇಲೆ ಒಂದು ಭಾಷಣ. ನಾನೇ ಬರೆದೆ. ಓದು ನೋಡೋಣ."

ಅವಳು ಓದತೊಡಗಿದಳು. ಒಂದು ವಾಕ್ಯವಾಯಿತು, ಎರಡಾಯಿತು, ಪುಟವೇ ತಿರುಗಿತು. ಎಲ್ಲೂ ನಿಲ್ಲಲಿಲ್ಲ. ನೆರಳು, ಹಸಿರು, ಚಿಗುರು, ಸಸಿ, ಮಣ್ಣು, ಮಳೆ. ಮೇಷ್ಟ್ರು ಮೂರು ವಾರ ಕೂತು, ಪ, ಬ, ಭ, ಕದಿಂದ ಶುರುವಾಗುವ ಒಂದು ಪದವೂ ನುಸುಳದಂತೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಬರೆದಿದ್ದರು. ಮುಗಿದಾಗ ಬಾಗಿಲಲ್ಲಿ ನಿಂತಿದ್ದ ಟೈಪಿಂಗ್ ಮಿಸ್ ಚಪ್ಪಾಳೆ ತಟ್ಟಿದರು. ಮೇಷ್ಟ್ರ ಮುಖದಲ್ಲಿ ಗೆದ್ದ ಕಪ್ಪುಗಳೆಲ್ಲ ಒಟ್ಟಿಗೆ ಹೊಳೆದಂತಿತ್ತು. "ಇದನ್ನೇ ಹೇಳು. ಪ್ರಥಮ ದರ್ಜೆ ಬರದಿದ್ದರೆ ಕೇಳು."

ಮನೆಯಲ್ಲಿ ಅಮ್ಮನೆದುರು ಅದನ್ನೇ ಹೇಳಿದಳು. ಅಮ್ಮ ಗೋಡೆಗೊರಗಿ ಕೇಳಿದಳು. ಮುಗಿಯುವ ಮೊದಲೇ ಕಣ್ಣಲ್ಲಿ ನೀರು. ಎದ್ದು ಹೋಗಿ ಪಕ್ಕದ ಮನೆಯವರನ್ನು ಕರೆತಂದು ಇನ್ನೊಂದು ಸಲ ಹೇಳಿಸಿದಳು. "ಹೋಯ್ತು ನೋಡಿ, ಎಲ್ಲ ಸರಿಹೋಯ್ತು," ಎಂದು ಅವರ ಕೈ ಹಿಡಿದು ಅಲುಗಿಸಿದಳು. ಅವಳ ಮುಖ ನೋಡುತ್ತ ಕಂತು ಹಾಳೆಗಳನ್ನು ಚೀಲಕ್ಕೆ ಹಾಕಿದಳು. ಮಾತಾಡಿದ್ದು ತನ್ನ ಗಂಟಲೇ, ಆದರೆ ಅದರಲ್ಲಿ ತನಗೆ ಬೇಕೆನಿಸಿ ಆರಿಸಿದ ಪದ ಒಂದೂ ಇರಲಿಲ್ಲ. ಮರಗಳ ಬಗ್ಗೆ ಅವಳಿಗೆ ಹೇಳುವುದೇನೂ ಇರಲೂ ಇಲ್ಲ.

ಭಾನುವಾರ ಬೆಳಗ್ಗೆ ಅವಳು ಅಮ್ಮನ ಜೊತೆ ಪೇಟೆಗೆ ಹೋದಳು. ಚಿಕ್ಕಂದಿನಿಂದ ಹೋಗಿಬಂದ ಜಾಗವೇ. ಅಂದು ಮೂಟೆಗಳ ಹಿಂದೆ ನಿಂತು ಕಿವಿಗೊಟ್ಟು ಕೇಳಿದಳು. ಕೋಸು, ಬದನೆ, ಬಟಾಣಿ, ಬೆಳ್ಳುಳ್ಳಿ, ಕುಂಬಳ. ಪಾಲು, ಬೆಲೆ, ಕೂಗು, ಬುಟ್ಟಿ. ಇಡೀ ಪೇಟೆಯಲ್ಲಿ ಅವಳ ಶತ್ರುಗಳೇ ತುಂಬಿಕೊಂಡಿದ್ದವು. ಬದನೆಗೆ ವೃಂತಾಕ ಎಂದೊಂದು ಪದವಿದೆ ಎಂದು ಅವಳಿಗೆ ಗೊತ್ತಿತ್ತು. ಇಲ್ಲಿ ನಿಂತು ಹಾಗೆಂದರೆ ಬುಟ್ಟಿಯನ್ನೇ ಎತ್ತಿ ಎಸೆದಾರು. ಅವಳಿಗೆ ನಗು ಬಂತು. ಹಾಗೆ ನಗುತ್ತಲೇ ತಾನು ಯಾವುದರ ಬಗ್ಗೆ ಮಾತಾಡುವವಳೆಂಬುದು ಅವಳಿಗೆ ಗೊತ್ತಾಯಿತು.

ಹರಾಜು ಮುಗಿದ ಮೇಲೆ ಖಾಲಿ ಬುಟ್ಟಿಯ ಮೇಲೆ ಕೂತು ಅಮ್ಮನಿಗೆ ಹೇಳಿದಳು. ಅಮ್ಮನ ಮುಖ ಬಾಡಿತು. "ಅಷ್ಟು ಚೆನ್ನಾಗಿ ಬರ್ತಿತ್ತಲ್ಲೇ ಅದು. ಕೈಗೆ ಬಂದ ತುತ್ತು ಬಾಯಿಗೆ ಬೇಡ ಅಂತೀಯಾ?"

"ಅದು ಮೇಷ್ಟ್ರ ತುತ್ತು ಅಮ್ಮಾ."

ಅಮ್ಮ ಬುಟ್ಟಿಯ ಬಿಚ್ಚಿದ ಎಳೆಯೊಂದನ್ನು ಒಳಗೆ ಸೇರಿಸಿದಳು. ಆಮೇಲೆ ಬೇರೆಯದೇ ಧ್ವನಿಯಲ್ಲಿ, ಕೆಲಸ ಕಲಿಸುವವಳಂತೆ ಹೇಳಿದಳು. "ಹಾಗಾದ್ರೆ ಒಂದು ಕೇಳು. ನಾನು ಎರಡನೇ ಕೂಗಿಗೂ ಮೂರನೇ ಕೂಗಿಗೂ ಮಧ್ಯೆ ಸುಮ್ಮನಿರ್ತೀನಲ್ಲ, ಆಗ ಏನ್ ಮಾಡ್ತೀನಿ ನೋಡಿದೀಯಾ? ಅವರ ಕಣ್ಣೇ ನೋಡ್ತಿರ್ತೀನಿ. ಒಬ್ಬರೂ ಅಲುಗಾಡಲ್ಲ. ನೀನು ಮಾತು ನಿಂತ ಕೂಡಲೇ ನೆಲ ನೋಡ್ತೀಯ. ಮುಗೀತು ಅನ್ಕೊಂಡು ಅವರೂ ಎದ್ದು ಹೋಗ್ತಾರೆ. ನೆಲದ ಮೇಲೆ ಯಾವ ಮಾತೂ ಬಿದ್ದಿರಲ್ಲ. ತಲೆ ಎತ್ತು."

ಮೇಷ್ಟ್ರಿಗೆ ಹಾಳೆಗಳನ್ನು ವಾಪಸು ಕೊಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವರು ಅವನ್ನು ಜೋಡಿಸಿ, ಅಂಚು ಸರಿಮಾಡಿ, ಮತ್ತೆ ಜೋಡಿಸಿದರು. "ನಪಾಸಾದರೆ ಇನ್ನೊಂದು ವರ್ಷ ಇದೇ ಬೆಂಚು."

"ಗೊತ್ತು ಸರ್."

"ಗೊತ್ತಿದ್ದೂ?"

"ಗೊತ್ತಿದ್ದೇ ಸರ್."

ಪರೀಕ್ಷೆ ಹಳೆಯ ಪ್ರಾರ್ಥನಾ ಸಭಾಂಗಣದಲ್ಲಿ. ಹೊರಗಿನಿಂದ ಬಂದ ಪರೀಕ್ಷಕಿ ನರೆಗೂದಲಿನ ಸಣ್ಣ ಹೆಂಗಸು. ಮುಂದೆ ಮೇಜು, ಮೇಜಿನ ಮೇಲೆ ಗಡಿಯಾರ, ಹಿತ್ತಾಳೆಯ ಕೈಗಂಟೆ. ಒಬ್ಬೊಬ್ಬರಾಗಿ ಬಂದು ಮಾತಾಡಿ ಹೋಗಿ ಕೂತರು. ಎಲ್ಲರೂ ಚೆನ್ನಾಗಿಯೇ ಮಾತಾಡಿದರು. ಕಂತು ವೇದಿಕೆ ಹತ್ತಿದಾಗ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡಿದ್ದರು.

ಅವಳ ಭಾಷಣದ ಮೊದಲ ಪದವೇ ಪೇಟೆ. ತುಟಿಗಳು ಒಂದನ್ನೊಂದು ಕಚ್ಚಿಕೊಂಡವು. ಪರೀಕ್ಷಕಿ ಗಡಿಯಾರ ನೋಡಿದರು, ಕಾಗದ ನೋಡಿದರು, ಏನಾಯಿತೆಂದು ತಲೆಯೆತ್ತಿ ನೋಡಿದರು. ಅಲ್ಲಿ ಅವಳ ಕಣ್ಣುಗಳಿದ್ದವು. ಬೇಡುವ ಕಣ್ಣಲ್ಲ, ಹೆದರಿದ್ದೂ ಅಲ್ಲ. ಸ್ವಲ್ಪ ಇರಿ, ಬರುತ್ತಿದೆ ಎನ್ನುವಂತಿದ್ದವು. ಪರೀಕ್ಷಕಿ ಪೆನ್ನು ಕೆಳಗಿಟ್ಟರು.

"ಪೇಟೆ ಏಳೋದು ಊರಿಗಿಂತ ಮೊದಲು," ಎಂದು ಶುರುವಾಯಿತು. ಅವಳು ಹೇಳುತ್ತ ಹೋದಳು. ಮೂಟೆ ಇಳಿಸುವವರ ಹೆಗಲಿನ ಹದ, ಕೋಸಿನ ಮೇಲಿನ ಇಬ್ಬನಿ, ಬದನೆಯನ್ನು ತೊಟ್ಟಿನಿಂದಲೇ ಅಳೆಯುವ ಅಜ್ಜಿಯರು. ಪ್ರತಿ ತಿರುವಿನಲ್ಲೂ ಒಂದು ಪದ ಕಾಲಿಗೆ ತೊಡರುತ್ತಿತ್ತು. ಪ್ರತಿ ಸಲ ಅವಳು ತಲೆಯೆತ್ತಿ, ಎದುರಿನವರ ಕಣ್ಣು ಬಿಡದೆ, ಅದು ಬರುವ ತನಕ ನಿಂತಳು. ಬಟಾಣಿ ಬರಲು ಎಷ್ಟು ಹೊತ್ತಾಯಿತೆಂದರೆ ಹೊರಗೆ ಮೈದಾನದಲ್ಲಿ ಯಾರೋ ಚೆಂಡು ಒದ್ದದ್ದು, ಅದು ಗೋಡೆಗೆ ಬಡಿದದ್ದು ಎರಡೂ ಕೇಳಿಸಿತು. ಆದರೆ ಬಂದದ್ದು ಬಟಾಣಿಯೇ.

ಗಂಟೆ ಹೊಡೆಯಿತು. ಅವಳು ಆಗ ಮೂರನೇ ಕೂಗಿನ ಹತ್ತಿರ ಇದ್ದಳು, ಕೂಗು ಎಂಬ ಪದದ ನಡುವೆಯೇ. "ಸಮಯ ಆಯ್ತು," ಎಂದರು ಪರೀಕ್ಷಕಿ. ಕಂತು ಅಂಗೈ ಎತ್ತಿ ಹಿಡಿದಳು. ಆ ಪದ ಹೊರಬಂತು. ಆಮೇಲೆ ಕೈ ಇಳಿಸಿ, "ಆಯ್ತು ಮೇಡಂ. ಇನ್ನೂ ಅರ್ಧ ಇತ್ತು," ಎಂದಳು.

ಭಾಷಣವಾದ ಮೇಲೆ ಒಂದು ಪ್ರಶ್ನೆ ಕೇಳುವುದು ಕ್ರಮ. ಅದಕ್ಕೆ ಗಡಿಯಾರವಿಲ್ಲ. ಪರೀಕ್ಷಕಿ ಕನ್ನಡಕ ತೆಗೆದು ಒರೆಸಿದರು. "ಉಳಿದ ಅರ್ಧದಲ್ಲಿ ಏನಿತ್ತು?"

ಕಂತು ಹೇಳಿದಳು. ಊಟದ ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಅಥವಾ ಕೇಳಿಸಿದ್ದರೂ ಯಾರೂ ಏಳಲಿಲ್ಲ.

ಫಲಿತಾಂಶ ಬಂದಾಗ ಎಲ್ಲ ವಿಷಯದಲ್ಲೂ ಅವಳಿಗೆ ಒಳ್ಳೆಯ ಅಂಕಗಳಿದ್ದವು, ಭಾಷಣವೊಂದನ್ನು ಬಿಟ್ಟು. ಅಲ್ಲಿ ಪಾಸಿನ ಗೆರೆಯನ್ನು ಅವಳು ಹಾಗೂ ಹೀಗೂ ದಾಟಿದ್ದಳು. ಹತ್ತು ನಿಮಿಷದಲ್ಲಿ ಮುಗಿಸದಿದ್ದುದಕ್ಕೆ ಕಳೆಯಬೇಕಾದದ್ದನ್ನು ಪರೀಕ್ಷಕಿ ಒಂದಿಷ್ಟೂ ಬಿಡದೆ ಕಳೆದಿದ್ದರು. ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಅವಳಿಗೇ. ಮೇಷ್ಟ್ರು ಗೋಡೆಗೆ ಹಚ್ಚಿದ ಹಾಳೆಯನ್ನು ಎರಡು ಸಲ ಓದಿ, "ನನ್ನ ಮರಗಳನ್ನ ಹೇಳಿದ್ದಿದ್ದರೆ ಮೇಲಿನ ಸಾಲಿನಲ್ಲಿ ಇರ್ತಿದ್ದೆ," ಎಂದರು. ಅವಳು ನಕ್ಕಳು. ಮೇಷ್ಟ್ರು ಒಂದು ಕ್ಷಣ ನಿಂತು, "ಬರೋ ವರ್ಷಕ್ಕೆ ಹೊಸಬರು ಬರ್ತಾರೆ. ಒಂದು ದಿನ ಬಂದು ಆ ಪೇಟೆಯದ್ದು ಹೇಳ್ತೀಯಾ? ಪೂರ್ತಿ? ನಾನು ಗಂಟೆ ಇಡಲ್ಲ," ಎಂದು ಕೇಳಿ, ಉತ್ತರಕ್ಕೆ ಕಾದರು. ಅವಳು ಬರುತ್ತೇನೆ ಎನ್ನಲು ಹೊರಟಿದ್ದಳು. ಅದಕ್ಕೂ ಬ. ಅವರು ಕಾದೇ ಇದ್ದರು.

ಶಾಲೆಯ ಗೇಟಿನ ಹೊರಗೆ ಅಮ್ಮ ನಿಂತಿದ್ದಳು. ಇಬ್ಬರೂ ಬಸ್ಸು ಹತ್ತಿದರು. ಮಧ್ಯಾಹ್ನದ ಬಸ್ಸು, ಕಾಲಿಡಲು ಜಾಗವಿಲ್ಲ. ಕಂಡಕ್ಟರು ಜನರ ನಡುವೆ ನುಸುಳಿಕೊಂಡು ಬಂದು "ಎಲ್ಲಿಗೆ?" ಎಂದು ಮಗಳ ಮುಂದೆ ನಿಂತ. ಅವರು ಇಳಿಯಬೇಕಾದದ್ದು ಕೊನೆಯ ನಿಲ್ದಾಣದಲ್ಲಿ. ಕಂತು ತಲೆಯೆತ್ತಿ ಅವನ ಮುಖ ನೋಡಿದಳು. ತುಟಿ ತೆರೆದಿತ್ತು, ಮಾತು ಇನ್ನೂ ಹೊರಟಿರಲಿಲ್ಲ. ಹಿಂದಿನ ಸೀಟಿನವರು ಕತ್ತು ಚಾಚಿದರು. ಚೀಲ ಹೊತ್ತ ಒಬ್ಬ ಅದನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ. ಅಮ್ಮ ಮೇಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ತುಟಿ ಬಿಗಿದುಕೊಂಡು, ಕಿಟಕಿಯಾಚೆ ಓಡುವ ಅಂಗಡಿಗಳ ಬೋರ್ಡುಗಳನ್ನು ಒಂದಾದ ಮೇಲೊಂದು ಓದುತ್ತಿದ್ದಳು. ಕಂಡಕ್ಟರನ ಹೆಬ್ಬೆರಳು ಟಿಕೆಟಿನ ಅಂಚಿನ ಮೇಲೆ ಕಾಯುತ್ತಿತ್ತು.